ಸಿಸ್ಟರ್ ಕೇಳಿದ ಪುಸ್ತಕಗಳ ಪಟ್ಟಿ

ಕಡೂರಿನಿಂದ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಕೆಲಸಕ್ಕೆ ಹೋಗಲು ಶುರುಮಾಡಿ, ಈ ಪಟ್ಟಿಯ ವಿಷಯ ಬಂದಾಗ, ಒಂಬತ್ತು ವರ್ಷವಾಗಿತ್ತು. ನಾನು ಇಳಿಯುವ ಊರಿನ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತೇನೆ. ಆ ಊರಿನ ಹೆಸರು ಇಲ್ಲಿ ಬೇಡ. ಹೇಳಿದರೆ ಅಲ್ಲಿನ ಯಾರೋ ಒಬ್ಬ ಅಧಿಕಾರಿಯ ಮೇಲೆ ದೂರು ಹೇಳಿದಂತಾಗುತ್ತದೆ. ನನ್ನ ಸಿಟ್ಟು ಒಬ್ಬರ ಮೇಲಿನದಲ್ಲ, ಅದರಲ್ಲಿ ದೊಡ್ಡ ಪಾಲು ನನ್ನ ಮೇಲೆಯೇ ಇತ್ತು.

ಅದೇ ಬೋಗಿಯಲ್ಲಿ ದಿನಾ ಬರುತ್ತಿದ್ದವರು ಒಬ್ಬ ನರ್ಸ್. ಎಲ್ಲರೂ ಅವರನ್ನು ಸಿಸ್ಟರ್ ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ನಲವತ್ತರ ಆಸುಪಾಸಿನ ವಯಸ್ಸು, ಕಡಿಮೆ ಮಾತು. ಸಖರಾಯಪಟ್ಟಣದಿಂದ ಮೊದಲ ಬಸ್ಸಿಗೆ ಕಡೂರಿಗೆ ಬಂದು, ರೈಲು ಹಿಡಿದು, ಇಳಿದ ಮೇಲೆ ಸ್ಟೇಷನ್ ಪಕ್ಕದ ಸ್ಟ್ಯಾಂಡಿನಲ್ಲಿ ಬಿಟ್ಟಿರುತ್ತಿದ್ದ ಸೈಕಲ್ ತೆಗೆದುಕೊಂಡು ಎರಡು ಕಿಲೋಮೀಟರ್ ದೂರದ ಆಸ್ಪತ್ರೆಗೆ ಹೋಗುತ್ತಿದ್ದರು. ನಾನು ಆಟೋ ಹತ್ತುತ್ತಿದ್ದೆ. ಅವರ ಸೈಕಲ್ಲನ್ನು ನನ್ನ ಆಟೋ ಎಷ್ಟು ಸಲ ಹಿಂದಕ್ಕೆ ಹಾಕಿರಬಹುದೋ ಲೆಕ್ಕವಿಲ್ಲ. ಕೈ ಬೀಸುತ್ತಿದ್ದೆ, ಅವರು ಬೆಲ್ ಹೊಡೆಯುತ್ತಿದ್ದರು.

ರೈಲಿನಲ್ಲಿ ನಾನು ಓದುವುದು ಹೆಚ್ಚಾಗಿ ಊರು, ರಸ್ತೆ, ಸಂಚಾರ ಇವುಗಳ ಬಗ್ಗೆ. ಅದು ಪಾಠಕ್ಕೆ ಬೇಕಾದ್ದಲ್ಲ, ನನಗೆ ಹತ್ತಿದ ಚಟ. ಒಂದು ದಿನ ಬೀರೂರಿನಲ್ಲಿ ಕ್ರಾಸಿಂಗ್‌ಗೆಂದು ಗಾಡಿ ನಿಂತಿದ್ದಾಗ ಸಿಸ್ಟರ್ ತಮ್ಮ ಫೋನನ್ನು ನನ್ನ ಮುಂದೆ ಹಿಡಿದರು. ಊರಿನ ಮುಖ್ಯರಸ್ತೆಯನ್ನು ಅಗಲ ಮಾಡುತ್ತಾರೆಂಬ ನೋಟಿಸಿನ ಫೋಟೋ ಅದು. ಸಾರ್ವಜನಿಕರು ಆಕ್ಷೇಪಣೆ ಹೇಳುವುದಿದ್ದರೆ ಒಂದು ತಿಂಗಳ ನಂತರದ ಸಭೆಗೆ ಬರಬೇಕು ಅಂತಿತ್ತು. ಉಳಿದ ಪದಗಳಲ್ಲಿ ಅರ್ಧ ನನಗೂ ಗಂಟಲಲ್ಲಿ ಸಿಕ್ಕಿಕೊಳ್ಳುವಂಥವು.

"ಮೇಡಂ, ನೀವು ಇಂಥಾದ್ದೇ ಅಲ್ವಾ ಓದೋದು," ಅಂದರು ಸಿಸ್ಟರ್. "ಮೀಟಿಂಗಿಗೆ ಹೋಗ್ಬೇಕು ಅಂದ್ಕೊಂಡಿದ್ದೀನಿ. ಸುಮ್ನೆ ಹೋಗಿ ನಿಂತ್ರೆ ಬಾಯಿ ಬರಲ್ಲ. ಓದ್ಕೊಂಡು ಹೋಗೋಕೆ ಪುಸ್ತಕ ಯಾವುದಿದೆ, ಬರ್ಕೊಡಿ."

ನನ್ನ ಓದಿನ ಬಗ್ಗೆ ಯಾರೂ ಯಾವತ್ತೂ ಏನೂ ಕೇಳಿರಲಿಲ್ಲ. ಆ ರಾತ್ರಿ ಊಟವಾದ ತಕ್ಷಣ ಕೂತು ಪಟ್ಟಿ ಟೈಪ್ ಮಾಡಿದೆ. ಸೈಕಲ್ಲು ಬಂದ ಮೇಲೆ ಹೆಂಗಸರ ಓಡಾಟ ಹೇಗೆ ಬದಲಾಯಿತು ಅನ್ನುವುದರ ಬಗ್ಗೆ ಒಂದು ಪುಸ್ತಕ, ರೈಲು ಬಂದು ಊರುಗಳ ಮುಖ ಯಾವ ಕಡೆ ತಿರುಗಿತು ಅನ್ನುವುದರ ಬಗ್ಗೆ ಎರಡು, ಕಾಲ್ನಡಿಗೆಯ ಊರುಗಳ ಬಗ್ಗೆ ಒಂದು, ರಸ್ತೆ ಅಗಲ ಮಾಡಿದಷ್ಟೂ ಗಾಡಿ ಹೆಚ್ಚುತ್ತವೆ ಅಂತ ವಾದಿಸುವ ಒಂದು, ಹೀಗೆ ಹನ್ನೊಂದು. ಪ್ರತಿಯೊಂದರ ಕೆಳಗೆ ಎರಡೆರಡು ಸಾಲು ಬರೆದೆ. ಮಾರನೆಯ ದಿನ ಕಾಲೇಜಿನ ಪ್ರಿಂಟರಿನಲ್ಲಿ ದಪ್ಪ ಹಾಳೆಯ ಮೇಲೆ ತೆಗೆದು, ಅದರ ಮರುದಿನ ರೈಲಿನಲ್ಲಿ ಕೊಟ್ಟೆ.

ಸಿಸ್ಟರ್ ಮೇಲಿನಿಂದ ಕೆಳಗೆ ಓದಿದರು. ತಿರುಗಿಸಿ ಹಿಂದೆ ಏನಾದರೂ ಇದೆಯೇ ನೋಡಿದರು. ಆಮೇಲೆ ಮೆತ್ತಗೆ ಕೇಳಿದರು, ಇದರಲ್ಲಿ ಕನ್ನಡದ್ದು ಯಾವುದು ಅಂತ.

ಒಂದೂ ಇರಲಿಲ್ಲ. ಟೈಪ್ ಮಾಡುವಾಗ ಅದು ನನ್ನ ತಲೆಗೇ ಹೊಳೆದಿರಲಿಲ್ಲ.

ಕನ್ನಡದ್ದು ಹುಡುಕಿ ಕೊಡುತ್ತೇನೆ ಅಂದೆ. ತರೀಕೆರೆಯಲ್ಲಿ ನನ್ನ ಗೆಳತಿಯೊಬ್ಬಳಿದ್ದಾಳೆ, ನಿವೃತ್ತ ಕನ್ನಡ ಅಧ್ಯಾಪಕಿ. ಅವಳ ಮನೆಯಲ್ಲಿ ಎರಡು ಗೋಡೆ ಪೂರ್ತಿ ಪುಸ್ತಕ. ಒಂದು ಭಾನುವಾರ ಇಡೀ ದಿನ ಅಲ್ಲಿ ಸ್ಟೂಲ್ ಹತ್ತಿ ಇಳಿದೆ. ರೈಲಿನ ಪ್ರಯಾಣದ ಪ್ರಬಂಧಗಳು ಸಿಕ್ಕವು, ಸೈಕಲ್ ಕಲಿತು ಬಿದ್ದ ಹಾಸ್ಯ ಸಿಕ್ಕಿತು, ಪರದೇಶದ ಬಸ್ಸು ಟ್ರ್ಯಾಮುಗಳನ್ನು ಹೊಗಳುವ ಪ್ರವಾಸಕಥನಗಳು ಬೇಕಾದಷ್ಟು ಸಿಕ್ಕವು. ಆದರೆ ಒಂದು ಫುಟ್‌ಪಾತ್ ಯಾಕೆ ಅಷ್ಟು ಅಗಲ ಇರಬೇಕು, ಆಸ್ಪತ್ರೆಯ ಮುಂದೆ ರಸ್ತೆ ಹೇಗಿರಬೇಕು, ಅದನ್ನು ಕೇಳುವ ಹಕ್ಕು ಯಾರಿಗಿದೆ ಅಂತ ನಮ್ಮ ಮಾತಿನಲ್ಲಿ ಹೇಳುವ ಪುಸ್ತಕ ನನ್ನ ಕೈಗೆ ಬರಲಿಲ್ಲ. ಇರಬಹುದು, ನನಗೆ ಸಿಗಲಿಲ್ಲ. ಗೆಳತಿ ಮಧ್ಯಾಹ್ನದ ಹೊತ್ತಿಗೆ ಬೇಸತ್ತು, ಇಷ್ಟು ಬೈಕೊಳ್ಳೋ ಬದಲು ನೀನೇ ಬರಿ ಅಂದಳು. ಬರುವ ದಾರಿಯಲ್ಲಿ ಒಂದು ಪುಸ್ತಕದಂಗಡಿಗೂ ಹೋದೆ. ಸಾರಿಗೆ ಅಂದ ಕೂಡಲೆ ಅಂಗಡಿಯವರು ಡ್ರೈವಿಂಗ್ ಲೈಸೆನ್ಸ್ ಪರೀಕ್ಷೆಯ ಪ್ರಶ್ನೋತ್ತರ ತೆಗೆದುಕೊಟ್ಟರು.

ಬರೆಯಲು ಕೂತೆ. ನನ್ನ ಹನ್ನೊಂದು ಪುಸ್ತಕಗಳ ಸಾರವನ್ನು ಹನ್ನೊಂದು ಪುಟಗಳಲ್ಲಿ ಕನ್ನಡಕ್ಕೆ ತರುವುದು ಅಂತ ಲೆಕ್ಕ. ಮೊದಲ ನಾಲ್ಕು ಪುಟ ಕೊಟ್ಟ ಮೂರನೆಯ ದಿನ ಸಿಸ್ಟರ್ ವಾಪಸ್ ತಂದರು. ಅರ್ಥವಾಗದ ಪದಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಗೆರೆ ಇಲ್ಲದ ಸಾಲು ಹುಡುಕಬೇಕಾಗಿತ್ತು. ಪರಿಪ್ರೇಕ್ಷ್ಯ, ಸಂಚಾರ ಸಾಂದ್ರತೆ, ಮಾನವಕೇಂದ್ರಿತ ವಿನ್ಯಾಸ. ನೋಟಿಸಿನ ಭಾಷೆಯನ್ನು ನೋಡಿ ಹಲ್ಲು ಕಡಿದಿದ್ದ ನಾನು ಅದೇ ಭಾಷೆಯಲ್ಲಿ ಉತ್ತರ ಬರೆದಿದ್ದೆ. ಅವಮಾನವಾಯಿತು. ಸಿಸ್ಟರ್ ಮೇಲೂ ಒಳಗೊಳಗೇ ಸಿಟ್ಟು ಬಂತು, ಅದನ್ನು ಇಲ್ಲ ಅನ್ನಲಾರೆ. ಇಷ್ಟು ಕಷ್ಟಪಟ್ಟಿದ್ದೀನಲ್ಲ, ಇವರು ಒಂದು ಸ್ವಲ್ಪ ಕಷ್ಟಪಟ್ಟು ಓದಬಾರದೇ ಅಂತ. ಎರಡು ದಿನ ಬೇರೆ ಬೋಗಿ ಹತ್ತಿದೆ.

ಮೂರನೆಯ ದಿನ ರಜೆ ಹಾಕಿ ಅಜ್ಜಂಪುರಕ್ಕೆ ಹೋದೆ. ಅಲ್ಲಿ ನನ್ನ ಸೋದರಮಾವ ಇದ್ದಾರೆ. ಓವರ್‌ಸೀಯರ್ ಆಗಿ ಸುತ್ತಮುತ್ತಲ ತಾಲ್ಲೂಕುಗಳಲ್ಲಿ ರಸ್ತೆ ಮಾಡಿಸಿ ರಿಟೈರ್ ಆದವರು. ರಸ್ತೆಯ ಬಗ್ಗೆ ಪುಸ್ತಕ ಓದುವ ನಾನು ರಸ್ತೆ ಮಾಡಿದವರನ್ನು ಒಂದು ದಿನವೂ ಏನೂ ಕೇಳಿರಲಿಲ್ಲ. ನೋಟಿಸು ಹೊರಡಿಸಿದ ಕಚೇರಿಗೆ ಅರ್ಜಿ ಕೊಟ್ಟು ಪಡೆದ ರಸ್ತೆ ನಕ್ಷೆಯ ಜೆರಾಕ್ಸ್ ಒಯ್ದಿದ್ದೆ. ಜೊತೆಗೆ ನನ್ನ ಪಟ್ಟಿಯನ್ನೂ.

ಮಾವ ಮೊದಲು ಪಟ್ಟಿ ನೋಡಿದರು. ಇದರಲ್ಲಿ ಪೂರ್ತಿ ಓದಿದ್ದು ಎಷ್ಟು ಅಂತ ಕೇಳಿದರು. ನಾಲ್ಕು ಅಂದೆ. ಉಳಿದವುಗಳ ಮುನ್ನುಡಿ, ಮಧ್ಯದ ಒಂದೊಂದು ಅಧ್ಯಾಯ. ಅವರು ನಗಲಿಲ್ಲ, ಪಟ್ಟಿಯನ್ನು ಮಡಚಿ ವಾಪಸ್ ಕೊಟ್ಟು ನಕ್ಷೆಯನ್ನು ಮಂಚದ ಮೇಲೆ ಹರಡಿದರು. ಮೂಲೆಗಳು ಸುರುಳಿಯಾಗದಂತೆ ಕಾಫಿ ಲೋಟಗಳನ್ನಿಟ್ಟರು.

"ಮೊದ್ಲು ಇದನ್ನ ಓದೋದು ಕಲಿ ಕಣೇ. ಆಮೇಲೆ ಅವೆಲ್ಲ," ಅಂದರು.

ಎರಡು ಗಂಟೆ ಕಲಿಸಿದರು. ಯಾವ ಗೆರೆ ಚರಂಡಿ, ಯಾವುದು ಟಾರಿನ ಅಂಚು, ಯಾವುದು ಮಧ್ಯದ ಡಿವೈಡರ್. ಆ ಡಿವೈಡರ್ ಗೆರೆಯ ಮೇಲೆ ಬೆರಳಿಟ್ಟು ಎಲ್ಲಿ ತುಂಡಾಗುತ್ತೆ ನೋಡು ಅಂದರು. ಸ್ಟೇಷನ್ ತಿರುವಿನಿಂದ ಬೆರಳು ಹೊರಟಿತು. ಕಾಲೇಜು ದಾಟಿತು, ಸಂತೆ ಮೈದಾನ ದಾಟಿತು, ಆಸ್ಪತ್ರೆಯ ಗೇಟು ದಾಟಿತು. ಪೆಟ್ರೋಲ್ ಬಂಕಿನ ಹತ್ತಿರ ಹೋಗಿ ನಿಂತಿತು. ಸ್ಟೇಷನ್ನಿನಿಂದ ಬರುವವರು ರಸ್ತೆಯ ಆಚೆ ಬದಿಯ ಆಸ್ಪತ್ರೆಯನ್ನು ಎದುರಿಗೇ ನೋಡುತ್ತಾ ಮುಂದೆ ಹೋಗಿ, ಬಂಕಿನ ಹತ್ತಿರ ತಿರುಗಿ ವಾಪಸ್ ಬರಬೇಕು. ಸೈಕಲ್ ಸ್ಟ್ಯಾಂಡ್ ಇದ್ದ ಜಾಗದಲ್ಲಿ ಕಾರ್ ಪಾರ್ಕಿಂಗ್ ಅಂತ ಬರೆದಿತ್ತು. ಹನ್ನೊಂದು ಪುಸ್ತಕಗಳಲ್ಲಿ ಇಲ್ಲದ್ದು ಈ ಒಂದು ಹಾಳೆಯಲ್ಲಿತ್ತು.

ಆ ರಸ್ತೆಯನ್ನು ಹಿಂದೆ ಒಂದು ಸಲ ಅಗಲ ಮಾಡಿಸಿದ್ದು ತಾವೇ ಅಂತ ಮಾವ ಆಗ ಹೇಳಿದರು. ಒಂದು ಪಕ್ಕದ ಹೊಂಗೆ ಮರಗಳನ್ನೆಲ್ಲ ಕಡಿಸಿದ್ದರಂತೆ. ನೌಕರಿಗೆ ಸೇರಿದ ಹೊಸದರಲ್ಲಿ ಬುಕ್ಕಾಂಬುಧಿ ಕೆರೆಯ ಕಡೆ ಕೆಲಸ ಮಾಡಿಸುವಾಗ, ಗಾಡಿ ಹೊಡೆಯುವವರೊಬ್ಬರು ದಿನಾ ಬಂದು ನಿಂತು, ಇಲ್ಲಿ ಎತ್ತು ಹತ್ತಲ್ಲ ಸ್ವಾಮಿ, ಇಲ್ಲಿ ಇಳಿಜಾರು ಬಿಡಿ ಅಂತ ಪೀಡಿಸಿ ಬಿಡಿಸಿಕೊಂಡರಂತೆ. ಎಸ್ಟಿಮೇಟಿನಲ್ಲಿ ಇಲ್ಲದ್ದನ್ನು ಮಾಡಿದ್ದಕ್ಕೆ ಮಾವ ಮೇಲಿನವರಿಂದ ಬೈಸಿಕೊಂಡಿದ್ದರು.

"ಈ ರಸ್ತೇಲಿ ಯಾರೂ ಬಂದು ನಿಲ್ಲಲಿಲ್ಲ ಕಣೇ. ನಕ್ಷೇಲಿ ಮರಕ್ಕೆ ಒಂದು ಸೊನ್ನೆ ಹಾಕ್ತಿದ್ವಿ. ಜನಕ್ಕೆ ಅದೂ ಇಲ್ಲ. ಯಾರಾದ್ರೂ ಬಂದು ಪೀಡಿಸ್ದಾಗ್ಲೇ ಜನ ಇದ್ದಾರೆ ಅಂತ ಗೊತ್ತಾಗೋದು."

ಮರುದಿನ ಹಳೆಯ ಬೋಗಿಗೇ ಹತ್ತಿದೆ. ಸಿಸ್ಟರ್ ಮೂರು ದಿನ ಎಲ್ಲಿದ್ದಿರಿ ಅಂತ ಕೇಳಲಿಲ್ಲ. ನಕ್ಷೆ ತೆಗೆದು, ಮಾವ ತೋರಿಸಿದಂತೆ ಬೆರಳಿಟ್ಟು ತೋರಿಸಿದೆ. ಪೆಟ್ರೋಲ್ ಬಂಕ್ ಬಂದಾಗ ಅವರ ಮುಖ ಬಿಗಿಯಿತು. ಮೀಟಿಂಗಿನಲ್ಲಿ ಇದನ್ನೇ ಹೇಳೋಣ ಅಂದರು. ನಾನು ಉತ್ಸಾಹದಲ್ಲಿ, ಸೈಕಲ್ ತುಳಿಯುವವರಿಗೆ ಬಳಸುದಾರಿ ಎಷ್ಟು ಭಾರ ಅನ್ನುವುದರ ಬಗ್ಗೆ ಒಂದು ಪುಸ್ತಕದಲ್ಲಿ ಓದಿದ್ದನ್ನು ವಿವರಿಸತೊಡಗಿದೆ. ಅವರು ಸ್ವಲ್ಪ ಹೊತ್ತು ಕೇಳಿದರು.

"ಮೇಡಂ, ನೀವು ಸೈಕಲ್ ತುಳೀತೀರಾ?"

ಪಿಯುಸಿ ಆದ ಮೇಲೆ ಮುಟ್ಟಿರಲಿಲ್ಲ. ಕಡೂರಿನಲ್ಲಿ ಮನೆಯಿಂದ ಸ್ಟೇಷನ್‌ಗೆ ಸ್ಕೂಟರ್, ಈ ಕಡೆ ಆಟೋ.

"ಶನಿವಾರ ನನ್ ಸೈಕಲ್ ಸ್ಟ್ಯಾಂಡಲ್ಲೇ ಬಿಟ್ಟು ಆಟೋದಲ್ಲಿ ಹೋಗ್ತೀನಿ, ಮಧ್ಯಾಹ್ನ ಅದನ್ನ ತಗೊಂಡು ಒಂದ್ಸಲ ಆಸ್ಪತ್ರೆತಂಕ ಬನ್ನಿ. ನಾನು ಅಲ್ಲೇ ಇರ್ತೀನಿ," ಅಂದರು.

ಐವತ್ತು ದಾಟಿದ ಹೆಂಗಸು, ನೂರಾರು ವಿದ್ಯಾರ್ಥಿಗಳು ಓಡಾಡುವ ರಸ್ತೆ. ಚೂಡಿದಾರ್ ಹಾಕಿಕೊಂಡು ಹೋದೆ. ಮೊದಲ ಐವತ್ತು ಅಡಿ ಹ್ಯಾಂಡಲ್ ಹಾವಿನ ಹಾಗೆ ಆಡಿತು. ಕಾಯಿ ತುಂಬಿದ ಲಾರಿಯೊಂದು ಹಿಂದಿನಿಂದ ಹಾರನ್ ಮಾಡಿದ್ದೇ ಟಾರಿನ ಅಂಚಿನಿಂದ ನಾಲ್ಕು ಬೆರಳು ಕೆಳಗೆ ಮಣ್ಣಿಗೆ ಇಳಿದೆ, ಮತ್ತೆ ಹತ್ತಿಸಲು ಆಗಲಿಲ್ಲ. ಇಳಿದು ತಳ್ಳಿದೆ. ಆಟೋ ಸ್ಟ್ಯಾಂಡಿನಲ್ಲಿ ನನ್ನನ್ನು ದಿನಾ ಕರೆದೊಯ್ಯುವ ಡ್ರೈವರ್ ನೋಡಿ, ಯಾಕೆ ಮೇಡಂ, ಏನಾಯ್ತು ಅಂತ ಗಾಬರಿಯಾದರು. ಸಂತೆ ಮೈದಾನದಿಂದ ಆಸ್ಪತ್ರೆಯವರೆಗೆ ರಸ್ತೆ ಏರು ಅನ್ನುವುದು ಅವತ್ತು ತೊಡೆಗೆ ಗೊತ್ತಾಯಿತು. ಆ ಊರಿನಲ್ಲಿ ಒಂಬತ್ತು ವರ್ಷ ಭೂಗೋಳ ಪಾಠ ಮಾಡಿದವಳಿಗೆ ಅದು ತಿಳಿದಿರಲಿಲ್ಲ. ಉಳಿದಿದ್ದ ಒಂದು ಪಕ್ಕದ ಹೊಂಗೆ ನೆರಳಿಗೆ ಹೋದಾಗ ಯಾರೋ ಬೆನ್ನಿನ ಮೇಲಿಂದ ಮೂಟೆ ಇಳಿಸಿದಂತಾಯಿತು. ಹೊಸ ನಕ್ಷೆಯಲ್ಲಿ ಆ ಮರಗಳ ಸೊನ್ನೆಗಳೂ ಇರಲಿಲ್ಲ.

ಗೇಟಿನಲ್ಲಿ ಸಿಸ್ಟರ್ ನೀರಿನ ಬಾಟಲಿ ಹಿಡಿದು ನಿಂತಿದ್ದರು. ನಾನು ಏದುಸಿರು ಬಿಡುತ್ತಾ ಅರ್ಧ ಬಾಟಲಿ ಒಂದೇ ಸಲಕ್ಕೆ ಕುಡಿದೆ.

ಇಷ್ಟೆಲ್ಲ ಆದ ಮೇಲೂ ಸಭೆಯಲ್ಲಿ ನಾನು ಮಾಡಿದ್ದು ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ. ಸಭೆಗೆ ಎಪ್ಪತ್ತು ಎಂಬತ್ತು ಜನ ಬಂದಿದ್ದರು, ಹೆಚ್ಚಿನವರು ಅಂಗಡಿಯವರು. ಅವರಿಗೆ ಪಾರ್ಕಿಂಗ್ ಚಿಂತೆ, ಬೋರ್ಡ್ ಕಾಣಿಸುತ್ತದೋ ಇಲ್ಲವೋ ಅನ್ನುವ ಚಿಂತೆ. ವೇದಿಕೆಯ ಮೇಲಿದ್ದ ಎಂಜಿನಿಯರ್ ಚಿಕ್ಕ ವಯಸ್ಸಿನವರು, ಸೌಮ್ಯವಾಗಿ ಮಾತಾಡುತ್ತಿದ್ದರು. ನನ್ನ ಸರದಿ ಬಂತು. ಕಾಲೇಜಿನವರು ಅಂತ ಮೈಕ್ ಕೊಟ್ಟರು. ಮೈಕ್ ಕೈಗೆ ಬಂದ ಕೂಡಲೆ ನನ್ನ ಬಾಯಿಂದ ಬಂದದ್ದು ಪೆಟ್ರೋಲ್ ಬಂಕಲ್ಲ, ಏರು ರಸ್ತೆಯಲ್ಲ, ಹೊಂಗೆ ನೆರಳಲ್ಲ. ಎಲ್ಲೋ ಚಳಿ ದೇಶದ ಊರೊಂದು ಕಾರುಗಳನ್ನು ಹೊರಗಿಟ್ಟು ಸೈಕಲ್ಲಿಗೆ ದಾರಿ ಬಿಟ್ಟ ಕಥೆ. ತರಗತಿಯ ಗತ್ತಿನಲ್ಲೇ ಹೇಳಿದೆ. ಹಿಂದಿನ ಸಾಲಿನವರು ಆಕಳಿಸಿದರು.

ಎಂಜಿನಿಯರ್ ಪೂರ್ತಿ ಕೇಳಿಸಿಕೊಂಡು, ನಾನು ಹೇಗೋ ಬರೆದು ಮುಗಿಸಿ ಹೊಲಿದು ತಂದಿದ್ದ ಹನ್ನೊಂದು ಪುಟಗಳನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಧನ್ಯವಾದ ಹೇಳಿದರು. ಆಮೇಲೆ, "ಮೇಡಂ, ಅದೆಲ್ಲ ಫಾರಿನ್‌ದು. ನಮ್ಮೂರಲ್ಲಿ ಈಗ ಸೈಕಲ್ ಯಾರು ತುಳೀತಾರೆ ಹೇಳಿ," ಅಂದರು.

ನನ್ನ ಪಕ್ಕದಲ್ಲಿ ಕೂತಿದ್ದ ಸಿಸ್ಟರ್ ಎದ್ದು ನಿಂತರು.

"ನಾನು ತುಳೀತೀನಿ ಸಾರ್."

ಜನ ನಕ್ಕರು. ಕೆಟ್ಟ ನಗೆಯಲ್ಲ, ಒಳ್ಳೆ ಉತ್ತರ ಕೊಟ್ಟರಲ್ಲ ಅನ್ನುವ ನಗೆ. ಎಂಜಿನಿಯರ್ ಕೂಡ ನಕ್ಕು, ನಿಮ್ಮೊಬ್ಬರಿಗೋಸ್ಕರ ರಸ್ತೆ ಮಾಡಕ್ಕಾಗುತ್ತಾ ಸಿಸ್ಟರ್ ಅಂದರು. ಸಿಸ್ಟರ್ ಒಂದು ನಿಮಿಷ ಹಾಗೇ ನಿಂತಿದ್ದರು. ಬೇರೆ ಯಾರೋ ಬೀದಿ ದೀಪದ ಬಗ್ಗೆ ಕೇಳಿದರು. ಸಿಸ್ಟರ್ ಕೂತರು. ಬೋಂಡ, ಟೀ ಬಂತು. ಸಭೆ ಮುಗಿಯಿತು.

ರಸ್ತೆ ಮುಂದಿನ ವರ್ಷ ಆಯಿತು, ನಕ್ಷೆಯಲ್ಲಿ ಇದ್ದಂತೆಯೇ. ಹೊಂಗೆ ಮರಗಳು ಎರಡು ದಿನದಲ್ಲಿ ಹೋದವು. ಡಿವೈಡರ್ ಎದೆಮಟ್ಟದ ಕಂಬಿ ಸಮೇತ ಬಂತು. ಸಿಸ್ಟರ್ ಮೊದಲ ವಾರ ನಿಯಮದಂತೆ ಬಂಕಿನವರೆಗೆ ಹೋಗಿ ತಿರುಗಿ ಬಂದರು. ಡ್ಯೂಟಿಗೆ ತಡವಾಗತೊಡಗಿತು. ಆಮೇಲೆ ಎಲ್ಲರಂತೆ ಅವರೂ ಸ್ಟೇಷನ್ ತಿರುವಿನಿಂದಲೇ ರಾಂಗ್ ಸೈಡಿನಲ್ಲಿ ಅಂಚು ಹಿಡಿದು ಹೋಗಲು ಶುರುಮಾಡಿದರು. ಮಳೆಗಾಲದ ಒಂದು ಬೆಳಿಗ್ಗೆ ಎದುರಿನಿಂದ ಬಂದ ಬೈಕು ಹ್ಯಾಂಡಲಿಗೆ ತಗುಲಿ ಬಿದ್ದರು. ಎಡಗೈ ಮಣಿಕಟ್ಟು ಮುರಿಯಿತು. ತಾವು ಕೆಲಸ ಮಾಡುವ ಆಸ್ಪತ್ರೆಗೆ ರೋಗಿಯಾಗಿ ನಡೆದುಕೊಂಡು ಹೋದರು. ರಾಂಗ್ ಸೈಡಿನಲ್ಲಿ ಬಂದದ್ದು ನಿಮ್ಮದೇ ತಪ್ಪು ಅಂತ ಬೈಕಿನವರು ಅಲ್ಲೇ ನಿಂತು ಹೇಳಿದರಂತೆ. ಕಾನೂನಿನ ಪ್ರಕಾರ ಅವರು ಹೇಳಿದ್ದು ಸರಿ. ಅದೇ ನನಗೆ ತಡೆಯಲಾಗದ್ದು.

ನೋಡಲು ಸಖರಾಯಪಟ್ಟಣಕ್ಕೆ ಹೋದೆ. ಸಿಸ್ಟರ್ ಜಗಲಿಯ ಮೇಲೆ ಪ್ಲಾಸ್ಟರ್ ಕೈಯನ್ನು ದಿಂಬಿನ ಮೇಲಿಟ್ಟು ಕೂತಿದ್ದರು. ಅವರ ಅತ್ತೆ ಎಳನೀರು ತಂದುಕೊಟ್ಟು ಒಳಗೆ ಹೋದರು. ನಾನು ಒಂದೇ ಸಮ ಬಯ್ಯತೊಡಗಿದೆ. ಎಂಜಿನಿಯರಿಗೆ, ಅಂಗಡಿಯವರಿಗೆ, ಆಕಳಿಸಿದವರಿಗೆ, ಯಾರೂ ಏನೂ ಓದದ ಈ ನಾಡಿಗೆ. ಸಿಸ್ಟರ್ ಅಷ್ಟೂ ಕೇಳಿ, ತಲೆ ಎತ್ತದೆ ಹೇಳಿದರು.

"ಅವತ್ತು ನಾನು ಎದ್ದು ನಿಂತಾಗ ನೀವೂ ಎದ್ದಿದ್ರೆ ಇಬ್ರಾಗ್ತಿದ್ವಿ ಮೇಡಂ."

ಆ ಶನಿವಾರ ಸೈಕಲ್ ತುಳಿದಿದ್ದೆ, ಏರು ಹತ್ತಿದ್ದೆ, ಮಣ್ಣಿಗೆ ಇಳಿದಿದ್ದೆ. ನಾನೂ ತುಳಿದು ನೋಡಿದ್ದೀನಿ ಅಂತ ಒಂದು ಮಾತು ಹೇಳಬಹುದಿತ್ತು. ವಿದ್ಯಾರ್ಥಿಗಳ ತಂದೆತಾಯಿ ಕೂತಿರುವ ಕಡೆ, ಸೈಕಲ್ ಹೊಡೆಯುವ ಮೇಷ್ಟ್ರಮ್ಮ ಅನ್ನಿಸಿಕೊಳ್ಳುವುದು ಬೇಡ ಅಂತ ಕೂತೇ ಇದ್ದೆ. ಅದನ್ನು ಅವರಿಗೆ ಹೇಳಿದೆ. ಗೊತ್ತು ಅಂದರು.

ಅವರಿಗೆ ನನ್ನ ಕ್ಷಮೆಯಲ್ಲಿ ಆಸಕ್ತಿ ಇರಲಿಲ್ಲ. ಆಸ್ಪತ್ರೆಯ ಗೇಟಿನ ಎದುರು ಡಿವೈಡರ್ ಒಡೆಸಿ ದಾರಿ ಬಿಡಿಸಬೇಕು, ಅರ್ಜಿ ಬರೆಯಿರಿ, ಒಂದೇ ಪುಟ ಇರಲಿ, ನಾನು ಗೆರೆ ಎಳೆಯದ ಹಾಗಿರಲಿ ಅಂದರು. ಅಲ್ಲೇ ಕೂತು ಬರೆದೆ. ಅವರು ಪ್ರತಿ ಸಾಲು ಕೇಳಿ, ಎರಡು ಕಡೆ ಪದ ಬದಲಾಯಿಸಿದರು. ಬಲಗೈಯಲ್ಲಿ ಸಹಿ ಹಾಕಿದರು, ಕೆಳಗೆ ನಾನು ಹಾಕಿದೆ. ಅಜ್ಜಂಪುರದ ಮಾವ ಸ್ಕೇಲ್ ಹಿಡಿದು ಪುಟ್ಟ ನಕ್ಷೆ ಬರೆದುಕೊಟ್ಟರು. ಆಸ್ಪತ್ರೆಯ ಮುಂದೆ ಪೆನ್ನಿನಲ್ಲಿ ಒಂದು ಸಣ್ಣ ಮನುಷ್ಯನ ಆಕಾರ ಬಿಡಿಸಿದ್ದರು. ಬೇಡ ಅಂತ ನಾನು ಹೇಳಲಿಲ್ಲ.

ಮೊದಲ ಅರ್ಜಿಗೆ ಸ್ವೀಕೃತಿ ಬಂತು. ಎರಡನೆಯದಕ್ಕೆ, ವಿಷಯ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂತ ಬಂತು. ಯಾರ ವ್ಯಾಪ್ತಿಗೆ ಬರುತ್ತದೆ ಅಂತ ಕೇಳಿದ ಮೂರನೆಯದಕ್ಕೆ ಉತ್ತರವೇ ಬರಲಿಲ್ಲ. ನಾಲ್ಕನೆಯದನ್ನು ಸಿಸ್ಟರ್ ಪೋಸ್ಟ್ ಮಾಡಲಿಲ್ಲ. ಮಾವ ಹೇಳಿದ್ದ ಗಾಡಿಯವರ ಹಾಗೆ ವಾರಕ್ಕೊಂದು ದಿನ ಡ್ಯೂಟಿ ಮುಗಿಸಿ ಹೋಗಿ ನಕ್ಷೆ ಕೊಟ್ಟಿದ್ದ ಆ ಕಚೇರಿಯಲ್ಲೇ ನಿಂತರು. ಆಗುವ ದಿನಗಳಲ್ಲಿ ನಾನೂ ಹೋದೆ. ನಮ್ಮನ್ನು ಕಂಡರೆ ಅಲ್ಲಿನವರು ಫೈಲು ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಎಂಟು ತಿಂಗಳಾದ ಮೇಲೆ ಒಂದು ದಿನ ಡಿವೈಡರ್ ಒಡೆದು ದಾರಿ ಬಿಟ್ಟಿದ್ದರು. ಗೇಟಿನ ಎದುರಿಗಲ್ಲ, ಐವತ್ತು ಹೆಜ್ಜೆ ಈಚೆ. ಪಕ್ಕದಲ್ಲಿ ಬೋರ್ಡು: ಆಂಬ್ಯುಲೆನ್ಸ್‌ಗೆ ಮಾತ್ರ.

ಈಗ ನನ್ನದೂ ಒಂದು ಸೈಕಲ್ ಇದೆ. ಸೈಕಲ್ ಸ್ಟ್ಯಾಂಡ್ ಹೋದ ಮೇಲೆ ಎರಡನ್ನೂ ಆಟೋ ಸ್ಟ್ಯಾಂಡಿನ ಹಿಂದೆ ಬಿಟ್ಟಿರುತ್ತೇವೆ. ಇಬ್ಬರೂ ರೈಲಿಳಿದು ಜೊತೆಯಲ್ಲಿ ಹೊರಡುತ್ತೇವೆ, ನಾನು ಕಾಲೇಜಿನ ಹತ್ತಿರ ನಿಲ್ಲುತ್ತೇನೆ. ನೆರಳಿಲ್ಲದ ರಸ್ತೆಯಲ್ಲಿ ಸಿಸ್ಟರ್ ಒಬ್ಬರೇ ಮುಂದೆ ಹೋಗಿ, ಆ ಬೋರ್ಡಿನ ಪಕ್ಕದಲ್ಲಿ ಇಳಿದು, ಎರಡೂ ಕಡೆ ನೋಡಿ, ಸೈಕಲ್ ತಳ್ಳಿಕೊಂಡು ದಾಟುತ್ತಾರೆ. ನಾವು ಎಂಟು ತಿಂಗಳು ನಿಂತು ಬಿಡಿಸಿದ ದಾರಿಯಲ್ಲಿ ಅವರು ದಿನಾ ನಿಯಮ ಮುರಿದು ಹೋಗಬೇಕು. ಮೊನ್ನೆ ಪೊಲೀಸರೊಬ್ಬರು ತಡೆದು, ಬೋರ್ಡ್ ಓದಕ್ಕೆ ಬರಲ್ವೇನಮ್ಮಾ ಅಂತ ಕೇಳಿದರಂತೆ. ಅದನ್ನು ರೈಲಿನಲ್ಲಿ ನನಗೆ ಹೇಳುವಾಗ ಸಿಸ್ಟರ್ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಬ್ಯಾಗಿನಿಂದ ಹಾಳೆ ತೆಗೆದು, ಬೋರ್ಡು ತೆಗೆಸಲು ಯಾರಿಗೆ ಬರೆಯಬೇಕು ಅಂತ ಕೇಳಿದೆ. ಅದು ಅವರಿಗೂ ಗೊತ್ತಿರಲಿಲ್ಲ.